ಪ್ರಯಾಣಿಕರ ತೃಪ್ತಿಯೂ ಸಾರಿಗೆಯ ಗುಣವೂ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಈ ಊರುಗಳಲ್ಲಿ ವಾಸಿಸುವ ಯಾರನ್ನಾದರೂ, “ದಿನದ ಪ್ರಯಾಣ ಹೇಗಿದೆ?” ಎಂದು ಕೇಳಿರಿ. “ಏನೋ, ನಡೆಯುತ್ತದೆ” ಎಂಬುದೇ ಬಹುಮಟ್ಟಿಗೆ ಬರುವ ಉತ್ತರ. ಈ ಒಂದು ಮಾತಿನಲ್ಲಿ ತೃಪ್ತಿಯೆಷ್ಟು, ರೂಢಿಯೆಷ್ಟು, ಬೇರೆ ದಾರಿಯಿಲ್ಲವೆಂಬ ನಿರುಪಾಯವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಪಾಠದ ಉದ್ದೇಶ. ಇದು ದೊಡ್ಡವರ ವಿಷಯವೆಂದು ವಿದ್ಯಾರ್ಥಿಗಳು ಪುಟ ತಿರುವಬಾರದು. ಇಂದು ತಂದೆತಾಯಿಗಳು ಮಾಡುತ್ತಿರುವ ಪ್ರಯಾಣವನ್ನೇ ನಾಳೆ ಕಾಲೇಜಿಗಾಗಿಯೂ ಉದ್ಯೋಗಕ್ಕಾಗಿಯೂ ಅವರು ಮಾಡಬೇಕಾಗಿದೆ.

ಊರನ್ನು ಬೆಳೆಸಿದ ಹಳಿ

ನಮ್ಮ ಈ ಪ್ರದೇಶಕ್ಕೂ ರೈಲಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಭಾರತದಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲನೆಯ ರೈಲುಗಾಡಿ 1853 ನೆಯ ಇಸವಿ ಏಪ್ರಿಲ್ 16 ರಂದು ಮುಂಬಯಿಯ ಬೋರಿಬಂದರದಿಂದ ಹೊರಟು ಬಂದು ನಿಂತುದು ಥಾಣೆಯಲ್ಲಿಯೇ. 14 ಡಬ್ಬಿಗಳು, ಸುಮಾರು 400 ಪ್ರಯಾಣಿಕರು, 34 ಕಿಲೋಮೀಟರು ದಾರಿ. ಮರುವರ್ಷವೇ, ಎಂದರೆ 1854 ರಲ್ಲಿ, ಹಳಿಯು ಕಲ್ಯಾಣವನ್ನು ಮುಟ್ಟಿತು. 1916 ರಲ್ಲಿ ಪಾರ್ಸಿಕ್ ಗುಡ್ಡವನ್ನು ಕೊರೆದು ಸುರಂಗ ಮಾಡಿದ ಮೇಲೆ ವೇಗದ ಗಾಡಿಗಳಿಗೆ ನೇರವಾದ ದಾರಿ ದೊರೆಯಿತು. ಥಾಣೆಯೂ ಕಲ್ಯಾಣವೂ ಬಲು ಹಳೆಯ ಊರುಗಳೇ ಅಹುದು. ಆದರೆ ಇಂದು ಅವು ಇಷ್ಟು ಹಿಗ್ಗಿರುವುದಕ್ಕೆ ಈ ಹಳಿಯೇ ಮುಖ್ಯ ಕಾರಣ.

ಖಾಡಿಯ ಆಚೆಯ ನವಿಮುಂಬಯಿಯ ಕಥೆ ಬೇರೆ. ಅದು ಯೋಜಿಸಿ ಕಟ್ಟಿದ ನಗರ. ಅದಕ್ಕಾಗಿ ಸಿಡ್ಕೋ ಸಂಸ್ಥೆ 1970 ರಲ್ಲಿ ಹುಟ್ಟಿತು. 1992 ರಲ್ಲಿ ಖಾಡಿಯನ್ನು ದಾಟಿ ರೈಲು ವಾಶಿಗೆ ಬಂದಿತು. 2004 ರಲ್ಲಿ ಥಾಣೆಯಿಂದ ವಾಶಿಗೆ ನೇರ ಲೋಕಲು ಆರಂಭವಾಯಿತು. 2023 ರ ನವೆಂಬರಿನಲ್ಲಿ ಬೇಲಾಪುರದಿಂದ ಪೇಂಧರದವರೆಗೆ 11 ಕಿಲೋಮೀಟರು ಮೆಟ್ರೋ ತೆರೆಯಿತು. ಇವುಗಳ ಜೊತೆಗೆ ಥಾಣೆ ನಗರಪಾಲಿಕೆ 1989 ರಿಂದಲೂ, ನವಿಮುಂಬಯಿ ನಗರಪಾಲಿಕೆ 1996 ರಿಂದಲೂ ತಮ್ಮ ಬಸ್ಸುಗಳನ್ನು ಓಡಿಸುತ್ತಿವೆ. ಕಲ್ಯಾಣ-ಡೊಂಬಿವಲಿಗೂ ಅಂಥದೇ ವ್ಯವಸ್ಥೆಯುಂಟು. ಸ್ಟೇಷನ್ನಿನಿಂದ ಮನೆಯವರೆಗಿನ ಉಳಿದ ದಾರಿಗೆ ಶೇರ್ ರಿಕ್ಷಾ ಇದ್ದೇ ಇದೆ.

ಮಧ್ಯ ರೈಲ್ವೆಯೊಂದೇ ದಿನಕ್ಕೆ 1,800 ಕ್ಕೂ ಮಿಕ್ಕಿ ಲೋಕಲು ಸೇವೆಗಳನ್ನು ನಡೆಸುತ್ತದೆ. ಮುಂಬಯಿ ಉಪನಗರದ ಎಲ್ಲ ಮಾರ್ಗಗಳಲ್ಲಿ ಒಟ್ಟು 70 ಲಕ್ಷಕ್ಕೂ ಹೆಚ್ಚು ಮಂದಿ ನಿತ್ಯ ಪ್ರಯಾಣ ಮಾಡುತ್ತಾರೆ. ಇಷ್ಟು ಕಡಮೆ ದರದಲ್ಲಿ ಇಷ್ಟು ಜನರನ್ನು ಒಯ್ಯುವುದು ಸಾಮಾನ್ಯ ಸಾಧನೆಯಲ್ಲ. ಈ ಉಪಕಾರವನ್ನು ಮರೆಯದೆಯೇ ನಾವು ಗುಣದೋಷಗಳ ವಿಚಾರಕ್ಕೆ ಬರೋಣ.

ತೃಪ್ತಿಯೆಂದರೇನು?

ಅಮೆರಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದ ಭಾರತೀಯ ಮೂಲದ ಎ. ಪರಶುರಾಮನ್ ಅವರು, ವ್ಯಾಲರೀ ಜೈತಾಮ್ಲ್ ಮತ್ತು ಲೆನಾರ್ಡ್ ಬೆರ್ರಿ ಎಂಬಿಬ್ಬರೊಡಗೂಡಿ 1985 ರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಅಂಗಡಿಯಲ್ಲಿ ಕೊಂಡ ಬಟ್ಟೆಯನ್ನು ಮುಟ್ಟಿ ನೋಡಬಹುದು. ಸೇವೆಯನ್ನು ಹಾಗೆ ಮುಟ್ಟಿ ನೋಡಲಾಗದು. ಹಾಗಾದರೆ ಅದರ ಗುಣವನ್ನು ಅರಿಯುವುದು ಹೇಗೆ? ಜನರು ನಿರೀಕ್ಷಿಸಿದುದಕ್ಕೂ ಅವರಿಗೆ ಅನುಭವಕ್ಕೆ ಬಂದುದಕ್ಕೂ ಇರುವ ಅಂತರದಿಂದ, ಎಂದು ಅವರು ಹೇಳಿದರು. ಅನುಭವವು ನಿರೀಕ್ಷೆಯನ್ನು ಮುಟ್ಟಿದರೆ ತೃಪ್ತಿ, ಮುಟ್ಟದಿದ್ದರೆ ಅತೃಪ್ತಿ.

ಈ ಲೆಕ್ಕ ಸರಳವಾಗಿದೆ. ಆದರೆ ಇದರಲ್ಲಿ ಒಂದು ಅಪಾಯ ಅಡಗಿದೆ. ಧಾರವಾಡದಿಂದ ಮೊನ್ನೆ ಬಂದವರೊಬ್ಬರು ಕುಳಿತು ಹೋಗಬೇಕೆಂದು ನಿರೀಕ್ಷಿಸಿ ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಗಾಡಿ ಹತ್ತಿದರೆನ್ನೋಣ. ಅದೇ ಡಬ್ಬಿಯಲ್ಲಿ ಇಪ್ಪತ್ತು ವರ್ಷಗಳಿಂದ ಪ್ರಯಾಣ ಮಾಡುತ್ತಿರುವ ಇನ್ನೊಬ್ಬರಿದ್ದಾರೆ. ಎರಡು ಕಾಲೂರಲು ಸ್ಥಳ ಸಿಕ್ಕಿದರೆ ಸಾಕೆಂಬುದು ಅವರ ನಿರೀಕ್ಷೆ. ಗಾಡಿಯೊಂದೇ, ಗರ್ದಿಯೊಂದೇ. ಮೊದಲಿನವರು ಅತೃಪ್ತರು, ಎರಡನೆಯವರು ತೃಪ್ತರು! ಎಂದ ಮೇಲೆ, ಸೇವೆಯು ಎಳ್ಳಷ್ಟೂ ಸುಧಾರಿಸದಿದ್ದರೂ, ಜನರು ತಮ್ಮ ನಿರೀಕ್ಷೆಯನ್ನು ತಗ್ಗಿಸಿಕೊಂಡ ಮಾತ್ರಕ್ಕೆ ತೃಪ್ತಿ ಹೆಚ್ಚಿದಂತೆ ತೋರಬಹುದು. ಇದು ತೃಪ್ತಿಯಲ್ಲ, ರೂಢಿ. ಇವೆರಡರ ಭೇದವನ್ನು ತಿಳಿಯುವುದೇ ಈ ಪಾಠದ ಸಾರ.

ಆದುದರಿಂದಲೇ 2002 ರಲ್ಲಿ ಪ್ರಕಟವಾದ ಯುರೋಪಿನ ಒಂದು ನಿಯಮಾವಳಿಯು ಸಾರಿಗೆಯ ಗುಣವನ್ನು ನಾಲ್ಕು ಮುಖಗಳಿಂದ ನೋಡುತ್ತದೆ: ಪ್ರಯಾಣಿಕನು ಬಯಸಿದ ಗುಣ, ಸಂಸ್ಥೆಯು ಗುರಿಯಾಗಿಟ್ಟುಕೊಂಡ ಗುಣ, ನಿಜವಾಗಿ ಒದಗಿಸಿದ ಗುಣ, ಪ್ರಯಾಣಿಕನಿಗೆ ತೋರಿದ ಗುಣ. ಇವುಗಳಲ್ಲಿ ಮೂರನೆಯದನ್ನು ಗಡಿಯಾರದಿಂದಲೂ ಅಳತೆಪಟ್ಟಿಯಿಂದಲೂ ಅಳೆಯಬಹುದು. ಅದು ಯಾರ ರೂಢಿಗೂ ಕಟ್ಟುಬಿದ್ದುದಲ್ಲ. ಇನ್ನು ಇಂಥ ಕೆಲವು ಅಳತೆಗಳನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡೋಣ.

ಕಾಲ

ಒಂದು ನಿಲುಗಡೆಗೆ ಗಂಟೆಗೆ ಆರು ಬಸ್ಸುಗಳು ಬರುತ್ತವೆ ಎನ್ನೋಣ. ಸಂಸ್ಥೆಯ ಲೆಕ್ಕದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು. ಅವು ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ, ವೇಳೆ ನೋಡದೆ ನಿಲುಗಡೆಗೆ ಬಂದವರು ಸರಾಸರಿ 5 ನಿಮಿಷ ಕಾಯಬೇಕು. ಆದರೆ ದಾರಿಯ ದಟ್ಟಣೆಯಿಂದ ಬಸ್ಸುಗಳು ಎರಡೆರಡು ಜೊತೆಯಾಗಿ, ಒಮ್ಮೆ 2 ನಿಮಿಷಕ್ಕೆ, ಒಮ್ಮೆ 18 ನಿಮಿಷಕ್ಕೆ ಬಂದುವೆನ್ನಿರಿ. ಆಗಲೂ ಗಂಟೆಗೆ ಆರೇ ಬಸ್ಸು. ಪ್ರಯಾಣಿಕನ ಪಾಡೇನು?

ಪ್ರತಿ 20 ನಿಮಿಷಗಳಲ್ಲಿ 18 ನಿಮಿಷ ದೊಡ್ಡ ಬಿಡುವಿಗೂ 2 ನಿಮಿಷ ಚಿಕ್ಕ ಬಿಡುವಿಗೂ ಸೇರುತ್ತವೆ. ದೊಡ್ಡ ಬಿಡುವಿನಲ್ಲಿ ಬಂದವರು ಸರಾಸರಿ 9 ನಿಮಿಷ, ಚಿಕ್ಕದರಲ್ಲಿ ಬಂದವರು 1 ನಿಮಿಷ ಕಾಯುತ್ತಾರೆ. 18 ನ್ನು 9 ರಿಂದ ಗುಣಿಸಿದರೆ 162, 2 ನ್ನು 1 ರಿಂದ ಗುಣಿಸಿದರೆ 2, ಒಟ್ಟು 164. ಇದನ್ನು 20 ರಿಂದ ಭಾಗಿಸಿದರೆ 8.2 ನಿಮಿಷ. ಬಸ್ಸುಗಳ ಸಂಖ್ಯೆ ಒಂದೇ ಆದರೂ ಕಾಯುವ ಹೊತ್ತು 5 ರಿಂದ 8.2 ಕ್ಕೆ ಏರಿತು. ಅಷ್ಟೇ ಅಲ್ಲ, ದೊಡ್ಡ ಬಿಡುವಿನ ಕೊನೆಗೆ ಬಂದ ಬಸ್ಸು ತುಂಬಿ ತುಳುಕುವುದು. ಅದರ ಹಿಂದೆಯೇ ಬಂದುದು ಬರಿದಾಗಿರುವುದು. “ಬಸ್ಸುಗಳು ಸಾಕಷ್ಟಿವೆ” ಎಂದು ಸಂಸ್ಥೆ ಹೇಳುವುದೂ “ಬಸ್ಸೇ ಬರುವುದಿಲ್ಲ” ಎಂದು ಪ್ರಯಾಣಿಕನು ಹೇಳುವುದೂ ಏಕಕಾಲಕ್ಕೆ ನಿಜವಾಗಬಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸಂಖ್ಯೆಗಿಂತ ಕ್ರಮ ದೊಡ್ಡದು.

ರೈಲಿಗೂ ಇದೇ ನ್ಯಾಯ. ಥಾಣೆ-ದಿವಾಗಳ ನಡುವೆ ಬಹುಕಾಲ ಲೋಕಲುಗಳೂ ದೂರದ ಮೇಲ್ ಗಾಡಿಗಳೂ ನಾಲ್ಕೇ ಹಳಿಗಳನ್ನು ಹಂಚಿಕೊಂಡಿದ್ದವು. ಒಂದು ತಡವಾದರೆ ಇನ್ನೊಂದು ಕಾಯಬೇಕಾಗುತ್ತಿತ್ತು. 2022 ರ ಫೆಬ್ರವರಿಯಲ್ಲಿ ಐದನೆಯ ಆರನೆಯ ಹಳಿಗಳು ಸಿದ್ಧವಾದ ಮೇಲೆ ಮೇಲ್ ಗಾಡಿಗಳು ಪಾರ್ಸಿಕ್ ಸುರಂಗದ ದಾರಿಯನ್ನೂ, ವೇಗದ ಲೋಕಲುಗಳು ಕಳವಾ-ಮುಂಬ್ರಾಗಳ ಕಡೆಯ ಹೊಸ ದಾರಿಯನ್ನೂ ಹಿಡಿದುವು. ಒಬ್ಬರ ತಡ ಇನ್ನೊಬ್ಬರಿಗೆ ಅಂಟದಂತೆ ಮಾಡುವುದೂ ಸೇವೆಯ ಗುಣವೇ.

ಸ್ಥಳ

ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಗಲ ಒಂದೊಂದು ಮೀಟರಿರುವ ಚೌಕವನ್ನು ಬರೆಯಿರಿ. ಅದರಲ್ಲಿ ನಾಲ್ವರು ನೆಮ್ಮದಿಯಾಗಿ ನಿಲ್ಲಬಹುದು. ಮೆಟ್ರೋ ಬಂಡಿಗಳನ್ನು ರೂಪಿಸುವವರು ಗರ್ದಿಯ ವೇಳೆಗೆಂದು ಸಾಮಾನ್ಯವಾಗಿ ಇಂಥ ಚೌಕಕ್ಕೆ 6 ರಿಂದ 8 ಮಂದಿಯನ್ನು ಲೆಕ್ಕಹಿಡಿಯುತ್ತಾರೆ. ಮುಂಬಯಿಯ ಲೋಕಲಿನಲ್ಲಿ ಬೆಳಗಿನ ಗರ್ದಿಯ ಹೊತ್ತು ಅಷ್ಟೇ ಸ್ಥಳದಲ್ಲಿ 14 ರಿಂದ 16 ಮಂದಿ ನಿಂತಿರುತ್ತಾರೆ. ಈ ಸಂಖ್ಯೆಯನ್ನು ನಿಮ್ಮ ಚೌಕದಲ್ಲಿ ನಿಲ್ಲಿಸಿ ನೋಡುವುದು ಬೇಡ, ಊಹಿಸಿದರೆ ಸಾಕು.

ಇದಕ್ಕೆ ಪ್ರಯಾಣಿಕರು ತಾವೇ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಡೊಂಬಿವಲಿಯವರು ಹಿಂದಕ್ಕೆ ಕಲ್ಯಾಣದವರೆಗೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಆಸನ ಹಿಡಿದು ಮರಳಿ ಬರುವುದುಂಟು. ಮುಂದಕ್ಕೆ ಹೋಗುವುದಕ್ಕಾಗಿ ಹಿಂದಕ್ಕೆ ಹೋಗುವುದು! ಈ ಹೊತ್ತು ಯಾವ ವೇಳಾಪಟ್ಟಿಯಲ್ಲಿಯೂ ಸೇರುವುದಿಲ್ಲ. ಆದರೆ ಅದು ಪ್ರಯಾಣಿಕನ ಬಾಳಿನಿಂದಲೇ ಕಳೆಯುತ್ತದೆ. 2012 ರ ಅಕ್ಟೋಬರಿನಲ್ಲಿ ಮಧ್ಯ ರೈಲ್ವೆಯು ಕಲ್ಯಾಣದವರೆಗೆ 15 ಡಬ್ಬಿಗಳ ಲೋಕಲನ್ನು ಓಡಿಸತೊಡಗಿತು. 12 ಡಬ್ಬಿಗಳ ಗಾಡಿಗಿಂತ ಅದರಲ್ಲಿ ಕಾಲುಭಾಗ ಹೆಚ್ಚು ಸ್ಥಳ. ಆದರೆ ಅಂಥ ಗಾಡಿಗೆ ಅಷ್ಟೇ ಉದ್ದದ ಪ್ಲಾಟ್‌ಫಾರ್ಮುಗಳೂ ಬೇಕು. ಗಾಡಿಯನ್ನು ಬೆಳೆಸುವುದೆಂದರೆ ಸ್ಟೇಷನ್ನನ್ನೂ ಬೆಳೆಸುವುದು.

ಹತ್ತುವುದು, ಇಳಿಯುವುದು

ಸೇವೆಯು ಗಾಡಿಯೊಳಗೆ ಮಾತ್ರ ಇರುವುದಲ್ಲ. 2014 ರ ಜನವರಿಯಲ್ಲಿ ಘಾಟ್ಕೋಪರದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಣ ಸಂದಿಯಲ್ಲಿ ಬಿದ್ದು ಎರಡು ಕೈಗಳನ್ನೂ ಕಳೆದುಕೊಂಡಳು. ಆ ಸಂದಿಯನ್ನು ಅದಕ್ಕೆ ಮುಂಚೆ ಲಕ್ಷಾಂತರ ಜನರು ದಿನವೂ ದಾಟುತ್ತಿದ್ದರು, ಅದು ರೂಢಿಯಾಗಿತ್ತು. ಆ ದುರಂತದ ಅನಂತರ ವಿಷಯವು ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಪ್ಲಾಟ್‌ಫಾರ್ಮುಗಳನ್ನು ಸುಮಾರು 900 ಮಿಲಿಮೀಟರು ಎತ್ತರಕ್ಕೆ ಏರಿಸುವ ಕೆಲಸ ಬಿರುಸಿನಿಂದ ನಡೆಯಿತು. ನಮ್ಮ ನಾಡಿನ ಹುಬ್ಬಳ್ಳಿ-ಧಾರವಾಡಗಳ ನಡುವೆ 2018 ರಿಂದ ಓಡುತ್ತಿರುವ ‘ಚಿಗರಿ’ ಬಸ್ಸುಗಳನ್ನು ರಜೆಯಲ್ಲಿ ಊರಿಗೆ ಹೋದಾಗ ನೋಡಿರಿ. ಅಲ್ಲಿ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮುದುಕರೂ ಮಕ್ಕಳೂ ಮೆಟ್ಟಿಲೇರದೆ ಒಳಹೊಗಬಹುದು.

2017 ರ ಸೆಪ್ಟೆಂಬರ್ 29 ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಮೇಲುಸೇತುವೆಯಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಅವರನ್ನು ಕೊಂದುದು ಗಾಡಿಯಲ್ಲ, ಸಾಲದ ಸೇತುವೆ. ಅನಂತರ ಸೈನ್ಯದವರು ಬಂದು ಮೂರು ಕಡೆ ಮೇಲುಸೇತುವೆಗಳನ್ನು ಕಟ್ಟಿಕೊಟ್ಟರು. 2018 ರ ಫೆಬ್ರವರಿಯಲ್ಲಿ ತೆರೆದ ಆ ಮೂರರಲ್ಲಿ ಒಂದು ನಮ್ಮ ಕಲ್ಯಾಣದ ಸಮೀಪದ ಆಂಬಿವಲಿಯಲ್ಲಿದೆ. ಕೆಲವೇ ತಿಂಗಳುಗಳಲ್ಲಿ ಆಗಬಲ್ಲ ಕೆಲಸಕ್ಕೆ ಸಾವುಗಳು ಮೊದಲಾಗಬೇಕೇ ಎಂಬ ಪ್ರಶ್ನೆ ಇಲ್ಲಿ ಏಳದಿರದು.

ತಿಳಿವಳಿಕೆ

ನಮ್ಮ ಸ್ಟೇಷನ್ನುಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಈ ಮೂರು ಭಾಷೆಗಳಲ್ಲಿ ಸೂಚನೆ ಕೊಡುತ್ತಾರೆ. ಇಂಡಿಕೇಟರಿನಲ್ಲಿ ‘ಎಫ್’ ಎಂದಿದ್ದರೆ ವೇಗದ ಗಾಡಿ, ‘ಎಸ್’ ಎಂದಿದ್ದರೆ ಎಲ್ಲ ಸ್ಟೇಷನ್ನುಗಳಲ್ಲಿ ನಿಲ್ಲುವ ಗಾಡಿ. ಇದು ನಿಮಗೆ ನೀರು ಕುಡಿದಷ್ಟು ಸುಲಭ. ಆದರೆ ಊರಿನಿಂದ ಮೊದಲ ಸಲ ಬಂದ ಅಜ್ಜಿಗೆ ಆ ಒಂದಕ್ಷರ ತಿಳಿಯದೆ, ಕೋಪರದಲ್ಲಿ ಇಳಿಯಬೇಕಾದವರು ಥಾಣೆಯವರೆಗೆ ಹೋಗಿಬಿಡಬಹುದು. ರೂಢಿಯುಳ್ಳವನಿಗೆ ತಿಳಿಯುವ ಸೂಚನೆ ಅರ್ಧ ಸೂಚನೆ. ಹೊಸಬನಿಗೂ ತಿಳಿದರೆ ಅದು ಪೂರ್ಣ.

ಗಾಡಿ ತಡವಾದಾಗ ಎಷ್ಟು ತಡ, ಏಕೆ ತಡ ಎಂಬುದನ್ನು ಒಡನೆಯೇ ತಿಳಿಸಿದರೆ ಪ್ರಯಾಣಿಕನು ಬೇರೆ ಉಪಾಯ ಮಾಡಿಕೊಳ್ಳಬಲ್ಲನು. ತಡವು ಅದೇ ಇದ್ದರೂ ಕಳವಳ ಇಳಿಯುತ್ತದೆ. ಗುಣವನ್ನು ಹೆಚ್ಚಿಸಲು ಯಾವಾಗಲೂ ಕೋಟ್ಯಂತರ ರೂಪಾಯಿ ಬೇಕೆಂದಿಲ್ಲ. ಕೆಲವೊಮ್ಮೆ ಒಂದು ನಿಜವಾದ ಮಾತು ಸಾಕು.

ಬಾಗಿಲು

2025 ರ ಜೂನ್ 9 ರ ಬೆಳಗ್ಗೆ ಮುಂಬ್ರಾದ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲುಗಳ ಬಾಗಿಲುಗಳಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದರು. ಅಂದೇ ನಾಲ್ವರು ಅಸುನೀಗಿದರು, ಹಲವರು ಗಾಯಗೊಂಡರು. ಅವರು ಮೋಜಿಗಾಗಿ ಬಾಗಿಲಲ್ಲಿ ನಿಂತವರೆಂದು ಹೇಳಿಬಿಡುವುದು ಸುಲಭ. ಒಳಗೆ ಚೌಕಕ್ಕೆ ಹದಿನಾಲ್ಕು ಮಂದಿಯಿರುವಾಗ ಕಚೇರಿಗೆ ಹೊತ್ತಾದವನಿಗೆ ಬಾಗಿಲೇ ಉಳಿದ ಸ್ಥಳವೆಂಬುದನ್ನೂ ನೆನೆಯಬೇಕು. ತೆರೆದ ಬಾಗಿಲೂ ಜೋತುಬಿದ್ದ ಜನರೂ ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿಬಿಟ್ಟಿವೆಯೆಂದರೆ ಅದು ಅಪಾಯವೆಂದೇ ತೋರುವುದಿಲ್ಲ. ಆ ದಿನವೇ ರೈಲ್ವೆಯು ಮುಂಬಯಿಯ ಹೊಸ ಲೋಕಲುಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲುಗಳನ್ನು ಇಡುವುದಾಗಿ ಸಾರಿತು. ಎ.ಸಿ. ಇಲ್ಲದ ಗಾಡಿಯ ಬಾಗಿಲು ಮುಚ್ಚಿದರೆ ಉಸಿರುಕಟ್ಟುವುದೆಂಬ ಕಾರಣದಿಂದ, ಗಾಳಿಯಾಡುವ ಸಂದಿಗಳಿರುವ ಬಾಗಿಲುಗಳನ್ನೂ, ಮಾಳಿಗೆಯ ಮೇಲಿಂದ ಗಾಳಿ ತರುವ ಯಂತ್ರಗಳನ್ನೂ ಯೋಜಿಸಲಾಯಿತು.

ಬಾಗಿಲು ಮುಚ್ಚುವ ಎ.ಸಿ. ಲೋಕಲು ಮಧ್ಯ ರೈಲ್ವೆಯಲ್ಲಿ ಮೊದಲು ಓಡಿದ್ದು 2020 ರ ಜನವರಿಯಲ್ಲಿ, ನಮ್ಮ ಥಾಣೆ-ನವಿಮುಂಬಯಿ ಮಾರ್ಗದಲ್ಲಿಯೇ. 2022 ರ ಮೇ ತಿಂಗಳಲ್ಲಿ ಅದರ ಏಕಮುಖ ಟಿಕೇಟಿನ ದರವನ್ನು ಅರ್ಧದಷ್ಟು ಇಳಿಸಿದಾಗ ಹತ್ತುವವರು ಹೆಚ್ಚಿದರು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಸಾಮಾನ್ಯ ಗಾಡಿಗಳ ಬದಲು ಎ.ಸಿ. ಗಾಡಿಗಳನ್ನು ಬಿಟ್ಟಾಗ ಕಳವಾದಲ್ಲಿಯೂ ಬದಲಾಪುರದಲ್ಲಿಯೂ ಪ್ರಯಾಣಿಕರು ಪ್ರತಿಭಟಿಸಿದರು. ಹೊಸದಾಗಿ ಸೇರಿಸಿದ್ದ 10 ಎ.ಸಿ. ಸೇವೆಗಳನ್ನು ರೈಲ್ವೆಯು ಹಿಂದೆಗೆದುಕೊಳ್ಳಬೇಕಾಯಿತು. ಸುಖವಾದ ಗಾಡಿಯನ್ನು ಜನರು ಬೇಡವೆಂದರೇ? ಹಾಗಲ್ಲ. ಹೆಚ್ಚು ಹಣ ಕೊಡಲಾರದವರಿಗೆ ಇದ್ದ ಗಾಡಿಯೊಂದು ಹೋಯಿತು; ಅವರು ಉಳಿದ ಗಾಡಿಗಳ ಬಾಗಿಲಿಗೆ ಜೋತುಬೀಳಬೇಕಾಯಿತು. ಆದುದರಿಂದ ಗುಣ ಹೆಚ್ಚಿತೆಂದು ಕೇಳಿದಾಗಲೆಲ್ಲ ‘ಯಾರಿಗೆ?’ ಎಂಬ ಪ್ರಶ್ನೆಯನ್ನೂ ಕೇಳತಕ್ಕದ್ದು.

ಪ್ರೀತಿಯೂ ಅಳತೆಯೂ

ಇಷ್ಟೆಲ್ಲ ಕಷ್ಟಗಳಿದ್ದರೂ ನಮ್ಮ ಜನಕ್ಕೆ ಲೋಕಲಿನ ಮೇಲೆ ಮಮತೆಯುಂಟು. ಡಬ್ಬಿಗಳಲ್ಲಿ ಭಜನ ಮಂಡಳಿಗಳು ತಾಳ ಹಾಕುತ್ತವೆ. ದಸರೆ ಬಂದಿತೆಂದರೆ ನಿತ್ಯದ ಪ್ರಯಾಣಿಕರು ಚೆಂಡುಹೂವಿನ ಮಾಲೆ ಕಟ್ಟಿ ಗಾಡಿಗೆ ಪೂಜೆ ಸಲ್ಲಿಸುತ್ತಾರೆ. ನಮ್ಮ ಊರುಗಳ ಆಯುಧಪೂಜೆಯ ನೆನಪಾಗುತ್ತದೆ. ನಾಲ್ಕನೆಯ ಆಸನದ ತುದಿಯಲ್ಲಿ ಅಪರಿಚಿತನಿಗೆ ಸ್ಥಳ ಮಾಡಿಕೊಡುವ ದಾಕ್ಷಿಣ್ಯವೂ ಇಲ್ಲಿಯದೇ. ಇದನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಪ್ರಯಾಣಿಕರ ಸಹನೆಯು ಪ್ರಯಾಣಿಕರ ಗುಣ. ಅದನ್ನು ಸೇವೆಯ ಗುಣವೆಂದು ಲೆಕ್ಕಕ್ಕೆ ಬರೆದುಕೊಳ್ಳಬಾರದು. ಪ್ರೀತಿಸಿದ ವಸ್ತುವನ್ನು ಅಳೆಯಬಾರದೆಂದೇನೂ ಇಲ್ಲ. ತಾಯಿಯೂ ಮಗುವಿನ ತೂಕವನ್ನು ನೋಡುತ್ತಾಳಷ್ಟೆ.

ವಿದ್ಯಾರ್ಥಿಗಳು ಮಾಡತಕ್ಕ ಕೆಲಸ

1. ಮನೆಯ ಹತ್ತಿರದ ಬಸ್ ನಿಲುಗಡೆಯಲ್ಲಿ, ಹಿರಿಯರೊಬ್ಬರ ಜೊತೆಗೆ, ಒಂದು ಗಂಟೆಯ ಕಾಲ ಒಂದೇ ಮಾರ್ಗದ ಬಸ್ಸುಗಳು ಬಂದ ವೇಳೆಯನ್ನು ಬರೆದುಕೊಳ್ಳಿರಿ. ಬಿಡುವುಗಳನ್ನು ಲೆಕ್ಕಹಾಕಿ, ಮೇಲೆ ತೋರಿಸಿದ ರೀತಿಯಲ್ಲಿ ಸರಾಸರಿ ಕಾಯುವ ಹೊತ್ತನ್ನು ಕಂಡುಹಿಡಿಯಿರಿ.

2. ಮನೆಯಲ್ಲಿ ಕೆಲಸಕ್ಕೆ ಹೋಗುವವರು ಬಾಗಿಲು ದಾಟಿದಾಗಿನಿಂದ ಕೆಲಸದ ಸ್ಥಳ ಸೇರುವವರೆಗಿನ ಹೊತ್ತನ್ನು ಐದು ದಿನ ಕೇಳಿ ಬರೆಯಿರಿ. ನಡಿಗೆ, ಕಾಯುವಿಕೆ, ರಿಕ್ಷಾ, ಗಾಡಿ ಇವುಗಳನ್ನು ಬೇರೆ ಬೇರೆಯಾಗಿ ತೋರಿಸಿರಿ. ಗಾಡಿಯೊಳಗಿನ ಹೊತ್ತು ಒಟ್ಟಿನಲ್ಲಿ ಎಷ್ಟನೆಯ ಪಾಲು?

3. ನಿಮ್ಮ ಸ್ಟೇಷನ್ನಿನ ಸೂಚನಾ ಫಲಕಗಳಲ್ಲಿ ಹೊಸಬರಿಗೆ ತಿಳಿಯದ ಮೂರು ಸೂಚನೆಗಳನ್ನು ಗುರುತಿಸಿ, ಅವನ್ನು ತಿಳಿಯುವಂತೆ ಹೇಗೆ ಬರೆಯಬಹುದೆಂದು ಹೇಳಿರಿ.

4. ಮನೆಯ ಹಿರಿಯರಲ್ಲಿ ಇಬ್ಬರನ್ನು ಎರಡು ಪ್ರಶ್ನೆ ಕೇಳಿರಿ: “ಪ್ರಯಾಣದಿಂದ ನಿಮಗೆ ತೃಪ್ತಿಯಿದೆಯೇ?” “ಈ ಊರಿಗೆ ಬಂದ ಮೊದಲ ದಿನ ಇದೇ ಪ್ರಶ್ನೆ ಕೇಳಿದ್ದರೆ ಏನು ಹೇಳುತ್ತಿದ್ದಿರಿ?” ಎರಡು ಉತ್ತರಗಳ ಅಂತರವೇ ರೂಢಿಯ ಅಳತೆ.

ಹೀಗೆ ಕೂಡಿಸಿದ ಲೆಕ್ಕ ವಹಿಯಲ್ಲಿಯೇ ಉಳಿಯಬೇಕಾಗಿಲ್ಲ. ರೈಲ್ವೆಗೆ ದೂರು ಹೇಳಲು 139 ಎಂಬ ಸಂಖ್ಯೆಯಿದೆ, ರೈಲ್ವೆಯ ಬಳಕೆದಾರರ ಸಲಹಾ ಸಮಿತಿಗಳಿವೆ, ಊರೂರಿನಲ್ಲಿ ಪ್ರಯಾಣಿಕರ ಸಂಘಗಳಿವೆ, ನಗರಪಾಲಿಕೆಯ ಸದಸ್ಯರಿದ್ದಾರೆ. “ಬಸ್ಸು ಸರಿಯಾಗಿ ಬರುವುದಿಲ್ಲ” ಎಂದು ಬರೆದ ಪತ್ರಕ್ಕೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಬರಬಹುದು. “ಈ ನಿಲುಗಡೆಯಲ್ಲಿ ಈ ಐದು ದಿನ, ಇಂತಿಷ್ಟು ಹೊತ್ತಿಗೆ, ಇಂತಿಷ್ಟು ನಿಮಿಷ ಬಸ್ಸಿರಲಿಲ್ಲ” ಎಂದು ಬರೆದರೆ ಅದನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಇನ್ನೊಂದು ಮಾತು. ಅಳೆಯುವ ಕೆಲಸವನ್ನು ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಈಚೆಗೇ ಮಾಡತಕ್ಕದ್ದು. ತುಂಬಿದ ಗಾಡಿಯನ್ನು ಓಡಿ ಹತ್ತಬಾರದು. ಮುಂದಿನ ಗಾಡಿ ಬರುತ್ತದೆ. ಅದು ವೇಳೆಗೆ ಸರಿಯಾಗಿ, ನಿಲ್ಲಲು ಸ್ಥಳವಿಟ್ಟುಕೊಂಡು, ಬಾಗಿಲು ಮುಚ್ಚಿಕೊಂಡು ಬರಬೇಕೆಂದು ಕೇಳುವ ಹಕ್ಕು ಟಿಕೇಟು ಕೊಂಡ ಪ್ರತಿಯೊಬ್ಬರಿಗೂ ಇದೆ.